ಕೌನ್ಸೆಲಿಂಗ್ ಓದುತ್ತಿರುವವರಿಗೆ: ತರಗತಿಯ ಆಚೆಗಿನ ತರಬೇತಿ ಎಲ್ಲಿ, ಹೇಗೆ?

"ಮೇಡಂ, ಎಂ.ಎಸ್ಸಿ. ಎರಡನೇ ಸೆಮಿಸ್ಟರ್‌ನಲ್ಲಿದ್ದೀನಿ. ಯಾವ ಸರ್ಟಿಫಿಕೇಟ್ ಕೋರ್ಸ್ ಮಾಡಿದ್ರೆ ಒಳ್ಳೇದು?"

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಕೌನ್ಸೆಲಿಂಗ್ ಸೈಕಾಲಜಿ, ಕ್ಲಿನಿಕಲ್ ಸೈಕಾಲಜಿ ಅಥವಾ ಎಂ.ಎಸ್.ಡಬ್ಲ್ಯು. ಓದುತ್ತಿರುವವರು. ಕೆಲವರು ಬೆಂಗಳೂರು, ಮೈಸೂರಿನವರು. ಕಲಬುರಗಿ, ಹಾವೇರಿ, ಚಿಕ್ಕಮಗಳೂರಿನ ಕಡೆಯವರೂ ಇದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸರ್ಟಿಫಿಕೇಟ್ ಬೇರೆ, ತರಬೇತಿ ಬೇರೆ. ಎದುರಿಗೆ ಒಬ್ಬ ಮನುಷ್ಯ ಕೂತು ತನ್ನ ಕಷ್ಟ ಹೇಳಬೇಕು. ನೀವು ಕೇಳಬೇಕು. ನೀವು ಕೇಳಿದ ರೀತಿಯನ್ನು ನಿಮಗಿಂತ ಪಳಗಿದವರೊಬ್ಬರು ನೋಡಿ ತಿದ್ದಬೇಕು. ಈ ಮೂರೂ ಸೇರಿದ ಗಂಟೆಗಳಿಗೆ ಮಾತ್ರ ನಾನು ತರಬೇತಿ ಅನ್ನುತ್ತೇನೆ. ಕೆಳಗಿನ ಹಂತಗಳೆಲ್ಲ ಆ ಗಂಟೆಗಳನ್ನು ಕೂಡಿಸಿಕೊಳ್ಳುವ ದಾರಿ.

ಶುರು ಮಾಡಲು ಬೇಕಾದದ್ದು ಇಷ್ಟೇ: ವಾರಕ್ಕೆ ಐದಾರು ಗಂಟೆ, ಒಂದು ದಪ್ಪ ನೋಟ್‌ಬುಕ್, ನಂಬಿಕೆಯ ಇಬ್ಬರು ಸಹಪಾಠಿಗಳು, ಮತ್ತು ಕಾಲೇಜಿನ ಲೆಟರ್‌ಹೆಡ್ ಮೇಲೆ ವಿಭಾಗದ ಮುಖ್ಯಸ್ಥರು ಸಹಿ ಮಾಡಿದ ಪರಿಚಯ ಪತ್ರ. ಹಣ ಕಡಿಮೆ ಇದ್ದರೆ ಹೆದರಬೇಡಿ. ಮೊದಲ ವರ್ಷಕ್ಕೆ ಬೇಕಾದದ್ದರಲ್ಲಿ ಹೆಚ್ಚಿನದು ಉಚಿತವಾಗಿಯೇ ಸಿಗುತ್ತದೆ.

1. ನಿಮ್ಮ ಪದವಿ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಇದನ್ನು ತಿಳಿದುಕೊಳ್ಳದೆ ಹಣ ಕಟ್ಟಿ ಆಮೇಲೆ ಅತ್ತವರನ್ನು ನೋಡಿದ್ದೇನೆ.

"ಕ್ಲಿನಿಕಲ್ ಸೈಕಾಲಜಿಸ್ಟ್" ಅಂತ ಬೋರ್ಡ್ ಹಾಕಲು ಎಂ.ಎಸ್ಸಿ. ಸಾಲದು. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ಕೋರ್ಸ್ ಮುಗಿಸಿ ಅಲ್ಲಿ ನೋಂದಣಿ ಮಾಡಿಸಬೇಕು. ಇದು 1992ರ ಕಾಯ್ದೆಯಿಂದ ಬಂದ ವ್ಯವಸ್ಥೆ. ಹಿಂದೆಲ್ಲ ಎರಡು ವರ್ಷದ ಎಂ.ಫಿಲ್. ಮಾಡುವುದು ರೂಢಿಯಾಗಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2022ರ ನಿಯಮದಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಆಮೇಲೆ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಎಂ.ಫಿಲ್.ಗಳಿಗೆ ಮಾತ್ರ 2025-26ರ ತನಕ ಅವಕಾಶ ಕೊಟ್ಟಿತು. ಹಾಗಾಗಿ ಸೀನಿಯರ್ ಹೇಳಿದ ದಾರಿಯನ್ನೇ ನೆಚ್ಚಿಕೊಳ್ಳಬೇಡಿ. ಸೇರುವ ದಿನ ಆರ್‌ಸಿಐ ಜಾಲತಾಣದಲ್ಲಿ ಆ ಕಾಲೇಜಿನ ಹೆಸರು, ಆ ಕೋರ್ಸಿನ ಹೆಸರು, ಮಾನ್ಯತೆ ಎಲ್ಲಿಯ ತನಕ ಇದೆ ಅನ್ನುವುದನ್ನು ನೀವೇ ನೋಡಿ.

ಕೌನ್ಸೆಲರ್‌ಗಳ ವಿಷಯ ಬೇರೆ. 2021ರಲ್ಲಿ ಬಂದ ಅಲೈಡ್ (ವೈದ್ಯಕೀಯಕ್ಕೆ ಪೂರಕ) ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆಯಲ್ಲಿ ಸೈಕಾಲಜಿಸ್ಟ್‌ಗಳು, ಕೌನ್ಸೆಲರ್‌ಗಳು "ಬಿಹೇವಿಯರಲ್ ಹೆಲ್ತ್" ಗುಂಪಿನಲ್ಲಿ ಸೇರಿದ್ದಾರೆ. ಇದರ ಪರಿಣಾಮ ಈಗಾಗಲೇ ಕಾಣುತ್ತಿದೆ. ಸೈಕಾಲಜಿಯನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸುವುದನ್ನು 2025ರ ಜುಲೈ-ಆಗಸ್ಟ್ ಸಾಲಿನಿಂದ ನಿಲ್ಲಿಸಲು ಯುಜಿಸಿ ಹೇಳಿತು. ಈಗಲೂ ಯಾರಾದರೂ "ಮನೆಯಲ್ಲೇ ಕೂತು ಎಂ.ಎ. ಸೈಕಾಲಜಿ" ಅಂತ ಹೊಸ ಸೀಟು ಮಾರಲು ಬಂದರೆ ಹುಷಾರು.

2. ಮೂವರ ಗುಂಪು ಕಟ್ಟಿ, ಕನ್ನಡದಲ್ಲಿ ಅಭ್ಯಾಸ ಮಾಡಿ

ಇದಕ್ಕೆ ಯಾರ ಅನುಮತಿಯೂ ಬೇಡ. ಈ ವಾರವೇ ಶುರು ಮಾಡಬಹುದು.

ಮೂವರು ಕೂತುಕೊಳ್ಳಿ. ಒಬ್ಬರು ಕೌನ್ಸೆಲರ್, ಒಬ್ಬರು ಕಷ್ಟ ಹೇಳಿಕೊಳ್ಳಲು ಬಂದವರು, ಇನ್ನೊಬ್ಬರು ನೋಡುವವರು. ಇಪ್ಪತ್ತು ನಿಮಿಷ ಮಾತು, ಹತ್ತು ನಿಮಿಷ ಚರ್ಚೆ, ಆಮೇಲೆ ಜಾಗ ಬದಲು. ಒಂದೂವರೆ ಗಂಟೆಯಲ್ಲಿ ಮೂವರ ಸರದಿಯೂ ಮುಗಿಯುತ್ತದೆ. ನಿಜ ಜೀವನದ ಸಣ್ಣ ಕಿರಿಕಿರಿಯನ್ನೇ ವಿಷಯವಾಗಿ ತೆಗೆದುಕೊಳ್ಳಿ. ರೂಮ್‌ಮೇಟ್ ಜೊತೆ ಜಗಳ, ಮನೆಯಲ್ಲಿ ಮದುವೆಗೆ ಒತ್ತಾಯ, ಇಂಥದ್ದು. ತೀರಾ ಆಳದ ನೋವನ್ನು ಇಲ್ಲಿ ಬಿಚ್ಚಬೇಡಿ. ಅದನ್ನು ಹಿಡಿಯಲು ಆ ಕೋಣೆಯಲ್ಲಿ ಪಳಗಿದವರು ಯಾರೂ ಇರುವುದಿಲ್ಲ.

ಒಪ್ಪಿಗೆ ತೆಗೆದುಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಬರೀ ಐದು ನಿಮಿಷದ ಮಾತನ್ನು ಪದಕ್ಕೆ ಪದ ಬರೆಯಿರಿ. ಇದಕ್ಕೆ ವರ್ಬೇಟಿಮ್ ಅನ್ನುತ್ತಾರೆ. ಆಡಿದ ಮಾತನ್ನು ತಿದ್ದದೆ, ಚಂದ ಮಾಡದೆ ಹಾಗೇ ಇಳಿಸುವುದು ಅಂತ ಅರ್ಥ. ಪುಟವನ್ನು ಎರಡು ಭಾಗ ಮಾಡಿ. ಎಡಕ್ಕೆ ಮಾತು, ಬಲಕ್ಕೆ ಆ ಹೊತ್ತಿನಲ್ಲಿ ನಿಮ್ಮೊಳಗೆ ಏನಾಯಿತು ಅನ್ನುವುದು. ಒಂದು ಅಭ್ಯಾಸದ ಪುಟ ಹೀಗಿರುತ್ತದೆ:

ಬಂದವರು: ಎರಡು ತಿಂಗಳಿಂದ ಎದೆ ಭಾರ. ಯಾರ ಹತ್ರ ಹೇಳ್ಕೊಳ್ಳೋದು.
ಕೌನ್ಸೆಲರ್: ಯೋಚನೆ ಮಾಡ್ಬೇಡಿ ಅಕ್ಕ, ಎಲ್ಲ ಸರಿ ಹೋಗುತ್ತೆ.
ಬಂದವರು: ಹೂಂ. ಸರಿ.

ಬಲಗಡೆ ವಿದ್ಯಾರ್ಥಿ ಬರೆದುಕೊಳ್ಳುವುದು: "ಅವರು ಅತ್ತುಬಿಡುತ್ತಾರೇನೋ ಅಂತ ಹೆದರಿದೆ."

ಆ "ಹೂಂ. ಸರಿ" ನೋಡಿ. ಬಾಗಿಲು ಮುಚ್ಚಿದ್ದು ಅಲ್ಲೇ. ಸಮಾಧಾನ ಹೇಳಿದ್ದು ಬಂದವರಿಗಾಗಿ ಅಲ್ಲ, ಕೌನ್ಸೆಲರ್‌ನ ಹೆದರಿಕೆ ಕಡಿಮೆಯಾಗಲಿ ಅಂತ. ಇದರ ಬದಲು "ಎರಡು ತಿಂಗಳಿಂದ ಒಬ್ರೇ ಹೊತ್ಕೊಂಡಿದ್ದೀರಾ" ಅಂದು ಸುಮ್ಮನಿದ್ದರೆ ಸಾಕಿತ್ತು. ಮುಂದಿನ ಮಾತು ಅವರಿಂದಲೇ ಬರುತ್ತಿತ್ತು. ಇಂಥ ಐದು ನಿಮಿಷದ ಹತ್ತು ವರ್ಬೇಟಿಮ್ ಬರೆದವರ ಕಿವಿ ಬೇರೆಯೇ ಆಗಿರುತ್ತದೆ.

ಕನ್ನಡದಲ್ಲೇ ಮಾಡಿ ಅಂತ ಯಾಕೆ ಹಟ ಹಿಡಿಯುತ್ತೇನೆ ಅಂದರೆ, ಪಠ್ಯ ಇಂಗ್ಲಿಷ್‌ನಲ್ಲಿದೆ, ಬರುವ ಜನ ಕನ್ನಡದಲ್ಲಿ ನೋಯುತ್ತಾರೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ 1924ರಲ್ಲೇ ಶುರುವಾಯಿತು. ಮನಸ್ಸಿನ ವಿದ್ಯೆ ನಮ್ಮ ನೆಲದಲ್ಲಿ ನೂರು ವರ್ಷದಿಂದ ಇದೆ. ಆದರೂ "ರಿಫ್ಲೆಕ್ಷನ್ ಆಫ್ ಫೀಲಿಂಗ್" (ಎದುರಿನವರ ಭಾವನೆಯನ್ನು ನಮ್ಮ ಮಾತಿನಲ್ಲಿ ಅವರಿಗೇ ಮರಳಿ ಹೇಳುವುದು) ಅಂದರೇನು ಅಂತ ಪರೀಕ್ಷೆಯಲ್ಲಿ ಬರೆಯುವ ವಿದ್ಯಾರ್ಥಿ, ಎದುರಿಗೆ ಕೂತ ತಾಯಿಗೆ ಕನ್ನಡದಲ್ಲಿ ಹಾಗೊಂದು ಮಾತು ಹೇಳಲು ತಡವರಿಸುತ್ತಾನೆ. ನನಗೆ ಇದು ನಿಜಕ್ಕೂ ನೋವಿನ ವಿಷಯ.

ಹಾಗಾಗಿ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಒಂದು ಪಟ್ಟಿ ಬೆಳೆಸಿ. ಎದೆ ಭಾರ, ತಲೆ ಬಿಸಿ, ಕೈಕಾಲು ಸೋತುಬರೋದು, ಹೊಟ್ಟೆಯೊಳಗೆ ಸಂಕಟ, ಮನಸ್ಸು ನಿಲ್ತಾ ಇಲ್ಲ, ಬೇಜಾರು. "ಬೇಜಾರು" ಒಂದೇ ಪದ ನೋಡಿ. ಒಬ್ಬರ ಬಾಯಲ್ಲಿ ಅದು ಹೊತ್ತು ಹೋಗದಿರುವುದು, ಇನ್ನೊಬ್ಬರಿಗೆ ದುಃಖ, ಮತ್ತೊಬ್ಬರಿಗೆ ಸಿಟ್ಟು. "ಬೇಜಾರು ಅಂದ್ರೆ ಹೇಗೆ ಆಗುತ್ತೆ, ಹೇಳ್ತೀರಾ?" ಅಂತ ಕೇಳುವುದನ್ನು ರೂಢಿ ಮಾಡಿಕೊಳ್ಳಿ. ನಿಮ್ಮ ಜಿಲ್ಲೆಯ ಮಾತು ಬೇರೆ ಇದ್ದರೆ ಅದನ್ನೇ ಬರೆದುಕೊಳ್ಳಿ. ಧಾರವಾಡದ ಹೆಣ್ಣುಮಗಳು ಮಂಡ್ಯದವರ ಹಾಗೆ ಕಷ್ಟ ಹೇಳುವುದಿಲ್ಲ.

3. ಜಾಗ ಹುಡುಕಿ

ಇಂಟರ್ನ್‌ಶಿಪ್ ಅಂದ ಕೂಡಲೇ ಎಲ್ಲರೂ ಕೇಳುವುದು ನಿಮ್ಹಾನ್ಸ್. ಸಿಕ್ಕರೆ ಖಂಡಿತ ಹೋಗಿ. ಅಲ್ಲಿನ ವಿಭಾಗಗಳು ಹೊರಗಿನ ವಿದ್ಯಾರ್ಥಿಗಳಿಗೆ ಅಲ್ಪಾವಧಿಯ ಅವಕಾಶ ಕೊಡುತ್ತವೆ. ಕಾಲೇಜಿನ ಪತ್ರದೊಂದಿಗೆ ತಿಂಗಳುಗಳ ಮುಂಚೆಯೇ ಅರ್ಜಿ ಹಾಕಬೇಕು. ಆದರೆ ಅಲ್ಲಿ ನಿಮ್ಮ ಪಾಲಿಗೆ ಬರುವುದು ಬಹುಪಾಲು ನೋಡಿ ಕಲಿಯುವ ಕೆಲಸ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ.

ಇವೆರಡರಲ್ಲೂ ಸಿಗದಿದ್ದರೆ ಮುಂದೇನು ಅಂತ ಕೈಚೆಲ್ಲಬೇಡಿ. ನಿಮ್ಮ ಊರಿನಲ್ಲೇ ಇರುವ ಜಾಗಗಳನ್ನು ನೋಡಿ.

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ. ದೇಶದ ಈ ಕಾರ್ಯಕ್ರಮ 1996ರಲ್ಲಿ ಶುರುವಾಯಿತು. ಅದಕ್ಕೆ ಮಾದರಿ ಆಗಿದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಆ ಸಾಲಿನಲ್ಲಿ ಒಂದು ದಿನ ಕೂತರೆ ಪುಸ್ತಕದ ಎಷ್ಟೋ ಅಧ್ಯಾಯ ಕಣ್ಣಮುಂದೆ ಬರುತ್ತದೆ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಪತ್ರ ಕೊಟ್ಟು ಕೇಳಿ.

ಹದಿಹರೆಯದವರ ಜೊತೆ ಕೆಲಸ ಇಷ್ಟವಾದರೆ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಇದೆ. ಯುವಜನ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ನಡೆಸುವ ಯುವ ಸ್ಪಂದನ ಇದೆ. ಮಹಿಳೆಯರ ವಿಷಯಕ್ಕೆ ಸಾಂತ್ವನ ಕೇಂದ್ರ, ಸಖಿ ಕೇಂದ್ರ, ಬೆಂಗಳೂರಾದರೆ ವನಿತಾ ಸಹಾಯವಾಣಿ. ಎಚ್‌ಐವಿ ಪರೀಕ್ಷೆಗೆ ಮುಂಚೆ ಮತ್ತು ಆಮೇಲೆ ಮಾತಾಡಲು ಕೌನ್ಸೆಲರ್ ಇರುವ ಐಸಿಟಿಸಿ ಕೇಂದ್ರಗಳಿವೆ. ಕೌಟುಂಬಿಕ ನ್ಯಾಯಾಲಯ, ಮದ್ಯವರ್ಜನ ಕೇಂದ್ರ, ಕ್ಯಾನ್ಸರ್ ಆಸ್ಪತ್ರೆ, ಪಿಯು ಕಾಲೇಜು, ಹಾಸ್ಟೆಲ್ ಇವೆಲ್ಲ ಕಲಿಯುವ ಜಾಗಗಳೇ. ಕೆಲವು ಕಡೆ ಇಲ್ಲ ಅನ್ನುತ್ತಾರೆ. ಒಂದೇ ಪತ್ರ ಕೊಟ್ಟು ಸುಮ್ನೆ ಕೂರದೆ ನಾಲ್ಕೈದು ಕಡೆ ಕೊಡಿ.

ಸೇರುವ ಮುಂಚೆ ಈ ಪ್ರಶ್ನೆಗಳನ್ನು ನೇರವಾಗಿ ಕೇಳಿ. ನನ್ನನ್ನು ಯಾರು ನೋಡಿಕೊಳ್ಳುತ್ತಾರೆ, ಅವರ ಓದು, ಅನುಭವ ಏನು? ವಾರಕ್ಕೆ ಎಷ್ಟು ಹೊತ್ತು ನನ್ನ ಜೊತೆ ಕೂರುತ್ತಾರೆ? ನಾನು ನೋಡುವುದು ಎಷ್ಟು ದಿನ, ಮಾತಾಡಿಸುವುದು ಯಾವಾಗ? ತುರ್ತು ಪರಿಸ್ಥಿತಿ ಬಂದರೆ ಯಾರಿಗೆ ಫೋನ್ ಮಾಡಬೇಕು? ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದ ಜಾಗಕ್ಕೆ ಹೋಗಬೇಡಿ.

ಎಚ್ಚರ: "ಹದಿನೈದು ದಿನದ ಆನ್‌ಲೈನ್ ಇಂಟರ್ನ್‌ಶಿಪ್, ಇಷ್ಟು ರೂಪಾಯಿ, ಸರ್ಟಿಫಿಕೇಟ್ ಗ್ಯಾರಂಟಿ" ಅನ್ನುವ ಜಾಹೀರಾತುಗಳು ಈಗ ಬಹಳ. ಅಲ್ಲಿ ಆಗುವುದು ವಿಡಿಯೋ ನೋಡಿ ಅಸೈನ್‌ಮೆಂಟ್ ಬರೆಯುವುದು. ಒಬ್ಬ ಮನುಷ್ಯನ ಮುಖವೂ ಕಾಣುವುದಿಲ್ಲ. ಇನ್ನೊಂದು ಅಪಾಯ ಇದಕ್ಕೆ ಉಲ್ಟಾ. ಮೊದಲ ದಿನವೇ "ನೀವು ಸೈಕಾಲಜಿ ಅಲ್ವಾ, ಈ ಕೇಸ್ ನೋಡಿ" ಅಂತ ಬಾಗಿಲು ಹಾಕಿಕೊಂಡು ಹೋಗುವವರು. ನಾನು ಓದುತ್ತಿದ್ದಾಗ ನನಗೂ ಹೀಗಾಗಿತ್ತು. ಆ ದಿನ ನನ್ನೆದುರು ಕೂತಿದ್ದವರಿಗೆ ನಾನು ನ್ಯಾಯ ಮಾಡಲಿಲ್ಲ. "ನಾನಿನ್ನೂ ವಿದ್ಯಾರ್ಥಿ, ಒಬ್ಬಳೇ ನೋಡುವುದಿಲ್ಲ, ಯಾರಾದರೂ ಜೊತೆಗಿರಬೇಕು" ಅಂತ ಹೇಳಲು ನಾಚಿಕೆ ಬೇಡ.

4. ಸೂಪರ್‌ವಿಷನ್: ಇದನ್ನು ಬಿಟ್ಟು ಬೇರೆ ಯಾವುದನ್ನಾದರೂ ಬಿಡಿ

ಸೂಪರ್‌ವಿಷನ್ ಅಂದರೆ ಹಾಜರಿ ನೋಡುವ ಮೇಲ್ವಿಚಾರಣೆ ಅಲ್ಲ. ನೀವು ಮಾಡಿದ ಮಾತುಕತೆಯನ್ನು ಅನುಭವಿಗಳ ಮುಂದೆ ಇಟ್ಟು, ಎಲ್ಲಿ ಕೇಳಿಸಿಕೊಂಡೆ, ಎಲ್ಲಿ ತಪ್ಪಿದೆ, ಮುಂದೆ ಏನು ಮಾಡಲಿ ಅಂತ ಕೂತು ನೋಡುವುದು. ಡ್ರೈವಿಂಗ್ ಕಲಿಸುವವರು ಪಕ್ಕದ ಸೀಟಿನಲ್ಲಿ ಕೂರುತ್ತಾರಲ್ಲ, ಹಾಗೆ.

ಕಾಲೇಜಿನ ಮೇಷ್ಟ್ರು ಅಥವಾ ಮೇಡಂಗೆ ಅರವತ್ತು ವಿದ್ಯಾರ್ಥಿಗಳಿದ್ದಾರೆ, ಸಮಯ ಕೊಡಲು ಆಗುವುದಿಲ್ಲ ಅನ್ನುವ ದೂರು ಕೇಳುತ್ತಲೇ ಇರುತ್ತೇನೆ. ದೂರು ನಿಜ. ಅದಕ್ಕೆ ನಾನು ಹೇಳುವ ಉಪಾಯ ಇದು. ನಾಲ್ಕೈದು ಜನ ಸೇರಿ ತಿಂಗಳಿಗೆ ಎರಡು ಸಲ ಒಂದೂವರೆ ಗಂಟೆ ಗುಂಪು ಸೂಪರ್‌ವಿಷನ್ ಕೇಳಿ. ಕಾಲೇಜಿನಲ್ಲಿ ಆಗದಿದ್ದರೆ ಹೊರಗಿನ ಹಿರಿಯ ಕೌನ್ಸೆಲರ್ ಒಬ್ಬರನ್ನು ಕೇಳಿ. ಶುಲ್ಕ ಹಂಚಿಕೊಂಡರೆ ಹಗುರ. ವಿದ್ಯಾರ್ಥಿಗಳು ಅಂದರೆ ಕಡಿಮೆ ಮಾಡುವವರು ಇದ್ದಾರೆ. ಯಾವುದೂ ಬಗೆಹರಿಯದಿದ್ದರೆ ನಿಮ್ಮ ಮೂವರ ಗುಂಪನ್ನೇ ಮುಂದುವರಿಸಿ, ಆದರೆ ಅದನ್ನು ಪೂರ್ತಿ ಸೂಪರ್‌ವಿಷನ್ ಅಂದುಕೊಳ್ಳಬೇಡಿ.

ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಒಂದು ಪುಟ ಸಾಕು. ಬಂದವರು ಯಾರು (ಹೆಸರು, ಊರು ಬೇಡ), ಅವರ ಮಾತಿನಲ್ಲೇ ಅವರ ಕಷ್ಟ ಏನು, ನಿಮ್ಮ ವರ್ಬೇಟಿಮ್‌ನ ಹತ್ತು ಸಾಲು, ಕೊನೆಗೆ ಒಂದೇ ಒಂದು ಪ್ರಶ್ನೆ. "ಕೇಸ್ ಹೇಗಿದೆ ಮೇಡಂ?" ಅಂತ ಕೇಳಿದರೆ ಹತ್ತು ದಿಕ್ಕಿನ ಉತ್ತರ ಬರುತ್ತದೆ. "ಅವರು ಗಂಡನ ಬಗ್ಗೆ ಮಾತಾಡಿದಾಗಲೆಲ್ಲ ನಾನು ವಿಷಯ ಬದಲಿಸುತ್ತಿದ್ದೇನೆ, ಯಾಕಿರಬಹುದು?" ಅಂತ ಕೇಳಿ ನೋಡಿ. ಆ ಒಂದು ಗಂಟೆ ಮರೆಯುವುದಿಲ್ಲ. ಚೆನ್ನಾಗಿ ಮಾಡಿದ ಭಾಗವನ್ನೇ ಆರಿಸಿಕೊಂಡು ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ನಾಚಿಕೆಯಾದ ಭಾಗವನ್ನೇ ತೆಗೆದುಕೊಂಡು ಹೋಗಿ.

5. ಈಗ ಬೇಕಾದರೆ ಕೋರ್ಸುಗಳು

ಮೊದಲು ಮಾಡಬೇಕಾದದ್ದು ಎರಡು. ಒಂದು, ಸೈಕಲಾಜಿಕಲ್ ಫಸ್ಟ್ ಏಡ್, ಅಂದರೆ ಪ್ರವಾಹ, ಅಪಘಾತ, ಸಾವಿನಂಥ ಆಘಾತ ಆದ ಕೂಡಲೇ ಕೊಡುವ ಮಾನಸಿಕ ಪ್ರಥಮ ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇದರ ಕೈಪಿಡಿ ಹೊರತಂದಿತು. ಉಚಿತವಾಗಿ ಸಿಗುತ್ತದೆ. ಅದರ ಸಾರ ಮೂರು ಕೆಲಸ: ಪರಿಸ್ಥಿತಿ ನೋಡು, ಮಾತು ಕೇಳು, ಬೇಕಾದ ನೆರವಿಗೆ ಜೋಡಿಸು. ಎರಡು, ಆತ್ಮಹತ್ಯೆ ತಡೆಯ ಗೇಟ್‌ಕೀಪರ್ ತರಬೇತಿ. ಅಪಾಯದಲ್ಲಿರುವವರನ್ನು ಗುರುತಿಸಿ, ಮಾತಾಡಿಸಿ, ಚಿಕಿತ್ಸೆಯ ತನಕ ತಲುಪಿಸುವುದನ್ನು ಇದರಲ್ಲಿ ಕಲಿಸುತ್ತಾರೆ.

ಇಲ್ಲೂ ಭಾಷೆಯ ತೊಡಕು ಬರುತ್ತದೆ. ವಿದ್ಯಾರ್ಥಿಗಳು ಹಿಂಜರಿದು "ಏನಾದ್ರೂ ಮಾಡ್ಕೋಬೇಕು ಅನ್ಸುತ್ತಾ?" ಅಂತ ಕೇಳುತ್ತಾರೆ. ಎದುರಿನವರು "ಏನಿಲ್ಲ" ಅನ್ನುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ. "ಸಾಯಬೇಕು ಅನ್ನೋ ಯೋಚನೆ ಬರುತ್ತಾ?" ಅಂತ ಮೆಲ್ಲಗೆ, ಸ್ಪಷ್ಟವಾಗಿ ಕೇಳಿ. ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುತ್ತದೆ ಅನ್ನುವುದು ತಪ್ಪು ಕಲ್ಪನೆ. ಈ ವಾಕ್ಯವನ್ನು ಮೂವರ ಗುಂಪಿನಲ್ಲಿ ಬಾಯಿ ತಡವರಿಸದಂತೆ ಆಗುವ ತನಕ ಹೇಳಿ ನೋಡಿ. ಹೌದು ಅಂದರೆ ಅವರನ್ನು ಒಬ್ಬರನ್ನೇ ಬಿಡದೆ ತಕ್ಷಣ ನಿಮ್ಮ ಸೂಪರ್‌ವೈಸರ್‌ಗೆ ತಿಳಿಸಬೇಕು.

ಇವೆರಡರ ಆಮೇಲೆ ನಿಮ್ಮ ಆಸಕ್ತಿ ನೋಡಿ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ "ಸ್ವಯಂ" ವೇದಿಕೆಯಲ್ಲಿ ಸೈಕಾಲಜಿ ಕೋರ್ಸುಗಳನ್ನು ಉಚಿತವಾಗಿ ಕಲಿಯಬಹುದು, ಸರ್ಟಿಫಿಕೇಟ್ ಬೇಕಾದರೆ ಪರೀಕ್ಷೆಗೆ ಮಾತ್ರ ಶುಲ್ಕ. ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿ ಆನ್‌ಲೈನ್ ತರಬೇತಿ ನಡೆಸುತ್ತದೆ. ಬೆಂಗಳೂರಿನ ಬಂಜಾರ ಅಕಾಡೆಮಿ ಮತ್ತು ಪರಿವರ್ತನ್ ಬಹಳ ವರ್ಷಗಳಿಂದ ಕೌನ್ಸೆಲಿಂಗ್ ಕೌಶಲ ಕಲಿಸುತ್ತಿವೆ. ಲೈಂಗಿಕ ಅಲ್ಪಸಂಖ್ಯಾತರ ಜೊತೆ ಗೌರವದಿಂದ ಕೆಲಸ ಮಾಡುವುದನ್ನು ಕಲಿಯಲು ಮಾರಿವಾಲಾ ಹೆಲ್ತ್ ಇನಿಶಿಯೇಟಿವ್‌ನ ಕೋರ್ಸ್ ಇದೆ. ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಚಿಕಿತ್ಸೆ, ಕುಟುಂಬ ಚಿಕಿತ್ಸೆ ಇಂಥವನ್ನು ಕೊನೆಯ ವರ್ಷಕ್ಕೆ ಇಟ್ಟುಕೊಳ್ಳಿ. ಹತ್ತು ಜನರನ್ನಾದರೂ ಕೇಳಿಸಿಕೊಂಡ ಮೇಲೆ ಅವು ಅರ್ಥವಾಗುತ್ತವೆ.

ಯಾವ ಕಾರ್ಯಾಗಾರಕ್ಕೂ ಹಣ ಕಟ್ಟುವ ಮುಂಚೆ ಕಲಿಸುವವರ ಹಿನ್ನೆಲೆ, ಅಭ್ಯಾಸದ ಗಂಟೆಗಳು, ಆಮೇಲೆ ಸೂಪರ್‌ವಿಷನ್ ಇದೆಯೇ ಅನ್ನುವುದನ್ನು ನೋಡಿ. ಎರಡು ದಿನದಲ್ಲಿ "ಸರ್ಟಿಫೈಡ್ ಥೆರಪಿಸ್ಟ್" ಮಾಡುತ್ತೇವೆ ಅನ್ನುವವರನ್ನು ದೂರ ಇಡಿ. ಬೆರಳಚ್ಚು ನೋಡಿ ಮಕ್ಕಳ ಬುದ್ಧಿ ಹೇಳುವ ಡಿಎಂಐಟಿ ಅನ್ನುವ ಪರೀಕ್ಷೆಯನ್ನು ನಮ್ಮ ಶಾಲೆಗಳಲ್ಲಿ ಮಾರುತ್ತಿದ್ದಾರೆ. ಅದಕ್ಕೆ ವಿಜ್ಞಾನದ ಆಧಾರವಿಲ್ಲ. ಅದರ ತರಬೇತಿ ಪಡೆದು, ಅದನ್ನು ಮಾಡಿ ಸಂಪಾದಿಸಿ ಅನ್ನುವವರ ಮಾತಿಗೆ ಬೀಳಬೇಡಿ. ನಿಮ್ಮನ್ನು ನಂಬಿ ಬರುವ ತಂದೆತಾಯಿಗೆ ಮೋಸವಾಗುತ್ತದೆ.

6. ಕಾನೂನು: ವಿದ್ಯಾರ್ಥಿಗೂ ವಿನಾಯಿತಿ ಇಲ್ಲ

ಹೇಳಿದ್ದನ್ನು ಗುಟ್ಟಾಗಿ ಇಡಬೇಕು ಅಂತ ಎಲ್ಲರೂ ಕಲಿತಿರುತ್ತೀರಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಕಲಂ ಗೌಪ್ಯತೆಯನ್ನು ಹಕ್ಕಾಗಿಯೇ ಕೊಟ್ಟಿದೆ. ಆದರೆ ಗುಟ್ಟಿಗೆ ಮಿತಿ ಇದೆ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ, 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಅದೇ ಅಪರಾಧ. ವಿದ್ಯಾರ್ಥಿ ಅನ್ನುವ ಕಾರಣಕ್ಕೆ ಬಿಡುವುದಿಲ್ಲ. ಇಂಥದ್ದು ಬಂದರೆ ಒಬ್ಬರೇ ನಿರ್ಧಾರ ಮಾಡದೆ ಅದೇ ದಿನ ಸೂಪರ್‌ವೈಸರ್ ಮತ್ತು ಸಂಸ್ಥೆಯ ಮುಖ್ಯಸ್ಥರಿಗೆ ಹೇಳಿ, ವರದಿ ಹೋಗಿದೆಯೇ ಅಂತ ಖಚಿತ ಮಾಡಿಕೊಳ್ಳಿ.

ಹಾಗಾಗಿ ಮೊದಲ ಭೇಟಿಯಲ್ಲೇ ಒಪ್ಪಿಗೆಯ ಮಾತು ಆಡಿಬಿಡಿ. ಸರಳವಾಗಿ ಹೀಗೆ: "ನಾನು ಇನ್ನೂ ಓದ್ತಾ ಇದ್ದೀನಿ. ನಮ್ಮ ಮೇಡಂ ನನಗೆ ಮಾರ್ಗದರ್ಶನ ಕೊಡ್ತಾರೆ. ಅದಕ್ಕೆ ನಿಮ್ಮ ಹೆಸರು ಹೇಳದೆ ಅಲ್ಲಿ ಚರ್ಚೆ ಮಾಡ್ತೀನಿ. ಅದು ಬಿಟ್ಟು ನೀವು ಹೇಳಿದ್ದು ಹೊರಗೆ ಹೋಗಲ್ಲ. ಆದರೆ ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದ್ದರೆ, ಮಗುವಿಗೆ ತೊಂದರೆ ಆಗ್ತಿದ್ರೆ, ಬೇರೆಯವರಿಗೆ ಹೇಳಲೇಬೇಕಾಗುತ್ತೆ. ಹಾಗೆ ಮಾಡೋ ಮುಂಚೆ ನಿಮಗೆ ಹೇಳೋಕೆ ಪ್ರಯತ್ನ ಪಡ್ತೀನಿ."

ಫೋನಿನಲ್ಲಿ ಮೂರು ನಂಬರ್ ಇರಲಿ. ಟೆಲಿ ಮಾನಸ್ 14416, 2022ರ ಅಕ್ಟೋಬರ್ 10ರಂದು ಶುರುವಾದ ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಮಕ್ಕಳಿಗೆ 1098. ತುರ್ತಿಗೆ 112.

7. ನಿಮ್ಮ ಮನಸ್ಸನ್ನೂ ಯಾರಾದರೂ ಕೇಳಲಿ

ಕೆಲವು ಸಲವಾದರೂ ನೀವೇ ಕೌನ್ಸೆಲರ್ ಹತ್ತಿರ ಹೋಗಿ. ಸಹಪಾಠಿ, ಸೂಪರ್‌ವೈಸರ್, ಪಾಠ ಮಾಡುವವರು ಈ ಕೆಲಸಕ್ಕೆ ಆಗುವುದಿಲ್ಲ. ಆ ಕುರ್ಚಿಯಲ್ಲಿ ಕೂತು ಮೊದಲ ಮಾತು ಆಡುವುದು ಎಷ್ಟು ಕಷ್ಟ ಅನ್ನುವುದು ಕೂತವರಿಗೇ ಗೊತ್ತಾಗುವುದು.

8. ಲಾಗ್‌ಬುಕ್ ಮತ್ತು ಪತ್ರಗಳು

ಮೊದಲ ದಿನದಿಂದಲೇ ಗಂಟೆಗಳ ಲೆಕ್ಕ ಇಡಿ. ಕೆಲಸಕ್ಕೆ, ಮುಂದಿನ ಓದಿಗೆ, ವಿದೇಶಕ್ಕೆ ಅರ್ಜಿ ಹಾಕುವಾಗ ಇದನ್ನೇ ಕೇಳುತ್ತಾರೆ. ಒಂದು ಸಾಲು ಇಷ್ಟಿದ್ದರೆ ಸಾಕು: ದಿನಾಂಕ, ಜಾಗ, ಯಾವ ಬಗೆಯ ಕೆಲಸ (ನೋಡಿದ್ದು, ಒಬ್ಬರ ಜೊತೆ, ಗುಂಪಿನ ಜೊತೆ, ಸೂಪರ್‌ವಿಷನ್), ಎಷ್ಟು ನಿಮಿಷ, ಯಾವ ಭಾಷೆಯಲ್ಲಿ, ಸೂಪರ್‌ವೈಸರ್ ಸಹಿ. ಬಂದವರ ಹೆಸರಿನ ಜಾಗದಲ್ಲಿ ಸಂಕೇತ ಮಾತ್ರ. ವಾಟ್ಸ್‌ಆ್ಯಪ್‌ನಲ್ಲಿ ಕೇಸ್ ಚರ್ಚೆ, ಲಾಗ್‌ಬುಕ್ಕಿನ ಫೋಟೋ ಎರಡೂ ಬೇಡ.

ಸಹಿಯನ್ನು ಪ್ರತಿ ತಿಂಗಳು ಹಾಕಿಸಿಕೊಳ್ಳಿ. ಸರ್ಕಾರಿ ಜಾಗಗಳಲ್ಲಿ ವರ್ಗಾವಣೆ ಆಗುತ್ತದೆ, ಸಂಸ್ಥೆಗಳಲ್ಲಿ ಜನ ಕೆಲಸ ಬಿಡುತ್ತಾರೆ. ವರ್ಷದ ಕೊನೆಗೆ ಹೋದರೆ ನಿಮ್ಮ ಕೆಲಸ ಕಂಡವರೇ ಅಲ್ಲಿ ಇರುವುದಿಲ್ಲ. ಹೊರಡುವ ದಿನ ಕೇಳುವ ಪತ್ರದಲ್ಲಿ "ಚೆನ್ನಾಗಿ ಕೆಲಸ ಮಾಡಿದರು" ಅನ್ನುವ ಒಂದು ಸಾಲು ಸಾಲದು. ಯಾವ ದಿನದಿಂದ ಯಾವ ದಿನದ ತನಕ, ಒಟ್ಟು ಗಂಟೆ ಎಷ್ಟು, ಅದರಲ್ಲಿ ಸೂಪರ್‌ವಿಷನ್ ಎಷ್ಟು, ಯಾವ ಬಗೆಯ ಜನರ ಜೊತೆ ಕೆಲಸ ಮಾಡಿದಿರಿ ಅನ್ನುವುದು ಅಂಕಿಗಳಲ್ಲಿ ಇರಲಿ. ಕರಡನ್ನು ನೀವೇ ಬರೆದು, ಲಾಗ್‌ಬುಕ್ ಜೊತೆಗಿಟ್ಟು, ಹದಿನೈದು ದಿನ ಮುಂಚೆ ಕೊಡಿ. ಸಹಿ, ಮೊಹರು, ದಿನಾಂಕ ಮೂರೂ ಬಿದ್ದಿದೆಯೇ ಅಂತ ಅಲ್ಲೇ ನಿಂತು ನೋಡಿಕೊಂಡು ಹೊರಡಿ.